ಜಾಲತಾಣದ ಮಾಹಿತಿಯನ್ನು ಸಕಾಲಕ್ಕೆ ತಿದ್ದುವ ಬಗೆ

ದೇವನಹಳ್ಳಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರೊಬ್ಬರು ಹಿಟ್ಟು ತಿಗಣೆಯ ಬಾಧೆಗೆ ಪರಿಹಾರ ಕೇಳಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಅವರ ಮೊಬೈಲಿನಲ್ಲಿ ಒಂದು ಸಂಸ್ಥೆಯ ಜಾಲತಾಣದ ಕನ್ನಡ ಪುಟ ತೆರೆದಿತ್ತು. ಅದರಲ್ಲಿ ಡೈಕ್ಲೋರ್‌ವಾಸ್, ಅಂದರೆ ಡಿ.ಡಿ.ವಿ.ಪಿ., ಸಿಂಪಡಿಸಬೇಕೆಂದು ಸಲಹೆ ಮಾಡಲಾಗಿತ್ತು. ಕೇಂದ್ರ ಸರ್ಕಾರವು 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶದಂತೆ ಈ ಕೀಟನಾಶಕದ ಮಾರಾಟ ಮತ್ತು ಬಳಕೆಯು 2020ರ ಡಿಸೆಂಬರ್ 31ರಿಂದ ನಿಷಿದ್ಧವಾಗಿದೆ. ಫೊರೇಟ್ ಹರಳು, ಟ್ರೈಯಾಜೋಫಾಸ್‌ಗಳೂ ಅದೇ ಪಟ್ಟಿಯಲ್ಲಿವೆ. ಸೋಜಿಗವೆಂದರೆ, ಅದೇ ತಾಣದ ಇಂಗ್ಲಿಷ್ ಪುಟದಲ್ಲಿ ಡೈಕ್ಲೋರ್‌ವಾಸ್ ಹೆಸರು ಇರಲಿಲ್ಲ. ಅದನ್ನು ಯಾರೋ ತಿದ್ದಿದ್ದರು.

ಒಂದನ್ನು ತಿದ್ದಿದರೆ ಇನ್ನೊಂದು ಏಕೆ ತಿದ್ದಿಹೋಗಲಿಲ್ಲ? ಇದನ್ನು ತಿಳಿಯಲು ಜಾಲತಾಣಗಳನ್ನು ಈಗ ಹೇಗೆ ನಡೆಸಲಾಗುತ್ತಿದೆ ಎಂಬುದನ್ನು ಅರಿಯಬೇಕು. ರೈತ ಉತ್ಪಾದಕ ಸಂಸ್ಥೆಗಳೂ ಬೆಳೆಗಾರರ ಸಂಘಗಳೂ ಸ್ವಂತ ತಾಣಗಳನ್ನು ಮಾಡಿಸಿಕೊಳ್ಳುತ್ತಿರುವುದರಿಂದ ಈ ವಿಷಯವು ವಿಸ್ತರಣಾ ಕಾರ್ಯಕರ್ತರಿಗೂ ಉಪಯುಕ್ತ.

1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಮೊದಲ ಜಾಲತಾಣವನ್ನು ರಚಿಸಿದಾಗ ಪ್ರತಿಯೊಂದು ಪುಟವೂ ಒಂದೊಂದು ಬೇರೆ ಕಡತವಾಗಿತ್ತು. ಬರಹದ ನಡುವೆಯೇ ಸಂಕೇತಗಳನ್ನು ಸೇರಿಸಿ ಬರೆಯಬೇಕಿತ್ತು. ಒಂದು ದೂರವಾಣಿ ಸಂಖ್ಯೆಯನ್ನು ಬದಲಿಸಲೂ ಆ ಸಂಕೇತ ಬಲ್ಲವರೇ ಬೇಕು. ತಾಣ ಮಾಡಿಕೊಟ್ಟವರಿಗೆ ಪ್ರತಿ ತಿದ್ದುಪಡಿಗೂ ಹಣ ಕೊಡಲಾರದೆ ಹಳೆಯ ದರಪಟ್ಟಿಯನ್ನೇ ವರ್ಷಗಟ್ಟಲೆ ಇಟ್ಟುಕೊಂಡ ಸಂಘಗಳನ್ನು ನಾನು ಕಂಡಿದ್ದೇನೆ.

ಈ ತೊಡಕನ್ನು ನೀಗಿದ್ದು ‘ವಿಷಯ ನಿರ್ವಹಣಾ ವ್ಯವಸ್ಥೆ’ ಎಂಬ ತಂತ್ರಾಂಶ. ದ್ರುಪಲ್ 2001ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ, ಜೂಮ್ಲಾ 2005ರಲ್ಲಿ ಬಂದವು. ಮೂರೂ ಉಚಿತ. ಇಂದು ಜಗತ್ತಿನ ಜಾಲತಾಣಗಳ ಪೈಕಿ ಶೇ. 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಡೆಯುತ್ತಿವೆ. ಜಿಲ್ಲಾಡಳಿತಗಳ ತಾಣಗಳಿಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ‘ಎಸ್-ತ್ರೀ-ವಾಸ್’ ಎಂಬ ವ್ಯವಸ್ಥೆಯನ್ನು ಒದಗಿಸಿದೆ. ನಮ್ಮ ಜಿಲ್ಲೆಯ ತಾಣವೂ ಅದರ ಮೇಲೆಯೇ ಇದೆ.

ಇದರ ಕೆಲಸವನ್ನು ಕೂರಿಗೆಗೆ ಹೋಲಿಸಬಹುದು. ಕೂರಿಗೆಯ ಸಾಲುಗಳ ಅಂತರವನ್ನು ಬಡಗಿ ಒಮ್ಮೆ ನಿಗದಿ ಮಾಡಿರುತ್ತಾನೆ. ಬಿತ್ತುವವನು ಬಟ್ಟಲಿಗೆ ಬೀಜ ಬಿಡುತ್ತಾ ಹೋದರೆ ಸಾಕು, ಸಾಲು ತಾನಾಗಿ ಬೀಳುತ್ತದೆ. ಅಂತೆಯೇ ಇಲ್ಲಿ ಪುಟದ ವಿನ್ಯಾಸ ಒಂದು ಕಡೆ, ಬರಹ ಮತ್ತು ಚಿತ್ರಗಳು ಇನ್ನೊಂದು ಕಡೆ ಇರುತ್ತವೆ. ಬರಹವು ದತ್ತಸಂಚಯವೆಂಬ ಕಣಜದಲ್ಲಿರುತ್ತದೆ. ಓದುಗನು ಪುಟವನ್ನು ಕೇಳಿದಾಗ ತಂತ್ರಾಂಶವು ಬರಹವನ್ನು ತೆಗೆದು ವಿನ್ಯಾಸದ ಅಚ್ಚಿನಲ್ಲಿಟ್ಟು ಕಳುಹಿಸುತ್ತದೆ. ಆದ್ದರಿಂದ ಸಂಘದ ಕಾರ್ಯದರ್ಶಿಯು ಗುಪ್ತಪದ ಕೊಟ್ಟು ಒಳಗೆ ಹೋಗಿ, ಅರ್ಜಿ ನಮೂನೆಯಂಥ ಪೆಟ್ಟಿಗೆಯಲ್ಲಿ ಬರಹವನ್ನು ತಿದ್ದಿ, ‘ಪ್ರಕಟಿಸು’ ಗುಂಡಿಯನ್ನು ಒತ್ತಿದರೆ ಕೆಲಸ ಮುಗಿಯಿತು. ಬರೆಯುವ ಅಧಿಕಾರವನ್ನು ಒಬ್ಬರಿಗೆ, ಪರಿಶೀಲಿಸಿ ಪ್ರಕಟಿಸುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡಲೂಬಹುದು. ಕೀಟನಾಶಕದ ಪ್ರಮಾಣ ತಿಳಿಸುವ ಪುಟಗಳಿಗೆ ಇದು ಅತ್ಯವಶ್ಯಕ. ತಿದ್ದುವ ಮೊದಲಿನ ಪ್ರತಿಯೂ ಉಳಿದಿರುವುದರಿಂದ ತಪ್ಪಾದರೆ ಹಿಂದಿನದಕ್ಕೆ ಮರಳಬಹುದು.

ಹೊಸ ಪೀಡೆ ಬಂದಾಗ ಇದರ ಬೆಲೆ ತಿಳಿಯುತ್ತದೆ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಅಂಥ ಸಮಯದಲ್ಲಿ ಹುಳುವಿನ ಗುರುತು ಬಲ್ಲ ಕೀಟತಜ್ಞನೇ ಅಂದೇ ಪುಟ ಬರೆಯುವಂತಿರಬೇಕು.

ಆದರೆ ತಂತ್ರಾಂಶವು ಹಳೆಯದನ್ನು ತಾನಾಗಿ ಅಳಿಸುವುದಿಲ್ಲ. ಕನ್ನಡ ಪುಟ, ಇಂಗ್ಲಿಷ್ ಪುಟ ಎರಡೂ ಕಣಜದಲ್ಲಿ ಪ್ರತ್ಯೇಕ ಬರಹಗಳು. ಒಂದರಲ್ಲಿ ಡೈಕ್ಲೋರ್‌ವಾಸ್ ತೆಗೆದರೆ ಇನ್ನೊಂದರಲ್ಲಿ ಅದು ಹಾಗೆಯೇ ಉಳಿಯುತ್ತದೆ. ಮೇಲೆ ಹೇಳಿದ ತಾಣದಲ್ಲಿ ಆದದ್ದು ಇದೇ. ಇಂಗ್ಲಿಷ್ ಪುಟವನ್ನು ಅಧಿಕಾರಿಗಳು ನೋಡುತ್ತಾರೆ, ಕನ್ನಡ ಪುಟವನ್ನು ಸಿಂಪಡಿಸುವವನು ನೋಡುತ್ತಾನೆ. ಆದ್ದರಿಂದ ಮೊದಲು ತಿದ್ದಬೇಕಾದದ್ದು ಕನ್ನಡ ಪುಟವನ್ನೇ ಎಂಬುದು ನನ್ನ ಅಭಿಪ್ರಾಯ.

ಕನ್ನಡಕ್ಕೆ ಇನ್ನೊಂದು ತೊಡಕೂ ಉಂಟು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕರಪತ್ರವನ್ನು ನೇರವಾಗಿ ಪೆಟ್ಟಿಗೆಗೆ ತುಂಬಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಈ ಶ್ರಮಕ್ಕೆ ಬೇಸತ್ತು ಕರಪತ್ರದ ಫೋಟೋ ತೆಗೆದು ಏರಿಸುವವರಿದ್ದಾರೆ. ಫೋಟೋದೊಳಗಿನ ಅಕ್ಷರಗಳು ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ, ಒಂದು ಪದವನ್ನು ತಿದ್ದಬೇಕಾದರೂ ಇಡೀ ಚಿತ್ರವನ್ನು ಬದಲಿಸಬೇಕು.

ತಾಣ ಮಾಡಿಸುವ ಸಂಘಗಳು ಆಡಳಿತಗಾರನ ಗುಪ್ತಪದವು ಸಂಘದ ಕೈಯಲ್ಲೇ ಇರುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅಳವಡಿಸದಿದ್ದರೆ ದುಷ್ಕರ್ಮಿಗಳು ಒಳನುಗ್ಗುವ ಸಂಭವವಿದೆ. ಬರಹಗಳ ಒಂದು ನಕಲನ್ನು ಬೇರೆಡೆ ಇಡಬೇಕು. ಪ್ರತಿ ಪುಟದ ಕೆಳಗೆ ಪರಿಶೀಲಿಸಿದ ದಿನಾಂಕ ಮತ್ತು ಹೊಣೆಗಾರರ ಹುದ್ದೆ ಇರಲಿ. ದಿನಾಂಕವಿಲ್ಲದ ಔಷಧಿ ಶಿಫಾರಸನ್ನು ರೈತರು ನಂಬದೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ರೈತ ಸಂಪರ್ಕ ಕೇಂದ್ರದಲ್ಲಾಗಲಿ ವಿಚಾರಿಸುವುದು ಕ್ಷೇಮ.

ಆ ಸಂಸ್ಥೆಗೆ ಪತ್ರ ಬರೆದ ಮೇಲೆ ಕನ್ನಡ ಪುಟವನ್ನೂ ತಿದ್ದಿದರು. ಆದರೂ ಬೆಳೆಗಾರರ ಮೊಬೈಲಿನಲ್ಲಿ ಹಳೆಯದೇ ಕಾಣುತ್ತಿತ್ತು. ಒಮ್ಮೆ ತೆರೆದ ಪುಟದ ಪ್ರತಿಯನ್ನು ಮೊಬೈಲು ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಪುಟವನ್ನು ಕೆಳಕ್ಕೆ ಎಳೆದು ಬಿಟ್ಟಾಗ ಹೊಸದು ಬಂದಿತು. ಅಷ್ಟರಲ್ಲಿ ಅವರು ಸಡಿಲ ತೊಗಟೆಯನ್ನು ಸುಲಿದು ಸುಟ್ಟು, ಕ್ರಿಪ್ಟೋಲೀಮಸ್ ಗುಲಗಂಜಿ ಹುಳುಗಳನ್ನು ತೋಟಕ್ಕೆ ಬಿಟ್ಟಾಗಿತ್ತು.