ಗೆದ್ದವನು, ಗೆಲ್ಲಿಸಿದವನು

೧೯೫೯ನೆಯ ಇಸವಿಯ ಏಪ್ರಿಲ್ ೫. ಪಶ್ಚಿಮ ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ ಇಪ್ಪತ್ತೈದನೆಯ ವಿಶ್ವ ಟೇಬಲ್ ಟೆನಿಸ್ ಪಂದ್ಯಾವಳಿಯ ಕೊನೆಯ ದಿನ. ಪುರುಷರ ಸಿಂಗಲ್ಸ್ ಅಂತಿಮ ಪಂದ್ಯಕ್ಕೆ ಮೇಜು ಸಿದ್ಧವಾಗಿತ್ತು. ಅದರ ಒಂದು ತುದಿಯಲ್ಲಿ ಹಂಗೇರಿಯ ಫೆರೆಂಕ್ ಸಿಡೊ. ಆಜಾನುಬಾಹು, ೧೯೫೩ರಲ್ಲಿಯೇ ವಿಶ್ವ ಪ್ರಶಸ್ತಿಯನ್ನು ಗೆದ್ದು ನುರಿತ ಕೈ. ಇನ್ನೊಂದು ತುದಿಯಲ್ಲಿ ಇಪ್ಪತ್ತೊಂದು ವರ್ಷದ, ಸಣಕಲು ಮೈಕಟ್ಟಿನ ಒಬ್ಬ ಚೀನೀ ತರುಣ.

ಮೊದಲನೆಯ ಗೇಮನ್ನು ಸಿಡೊ ೨೧-೧೯ರಿಂದ ಗೆದ್ದುಕೊಂಡ. ಅನುಭವದ ಮುಂದೆ ಯೌವನ ಸೋಲುವುದು ಸಹಜವೆಂದೇ ನೋಡುತ್ತಿದ್ದವರಿಗೆ ತೋರಿರಬೇಕು. ಆದರೆ ತರುಣನು ಧೃತಿಗೆಡಲಿಲ್ಲ. ಚೆಂಡನ್ನು ಒಮ್ಮೆ ಬಲೆಯ ಬುಡದಲ್ಲಿ ಮೆಲ್ಲನೆ ಇಳಿಸಿ, ಮರುಕ್ಷಣವೇ ಮೇಜಿನ ದೂರದ ಮೂಲೆಗೆ ಹೊಡೆದು, ಸಿಡೊನ ಭಾರವಾದ ದೇಹವನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸಿದ. ಮುಂದಿನ ಮೂರು ಗೇಮುಗಳೂ ಅವನ ಪಾಲಾದುವು: ೨೧-೧೨, ೨೧-೧೫, ೨೧-೧೪. ವಿಜಯಿಗೆ ಸಲ್ಲುವ ಸೇಂಟ್ ಬ್ರೈಡ್ ಕಲಶ ಚೀನಕ್ಕೆ ಹೊರಟಿತು. ಚೀನಾ ಜನತಾ ಗಣರಾಜ್ಯ ಸ್ಥಾಪನೆಯಾಗಿ ಹತ್ತು ವರ್ಷ ತುಂಬುವ ಆ ವರುಷದವರೆಗೆ ಯಾವ ಕ್ರೀಡೆಯಲ್ಲಿಯೂ ಆ ದೇಶಕ್ಕೆ ವಿಶ್ವ ಚಾಂಪಿಯನ್ ಪದವಿ ದೊರೆತಿರಲಿಲ್ಲ. ಅದನ್ನು ಮೊದಲು ತಂದುಕೊಟ್ಟವನ ಹೆಸರು ರೋಂಗ್ ಗುವೊತುವಾನ್. ಅಂದಿನ ಇಂಗ್ಲಿಷ್ ಪತ್ರಿಕೆಗಳು ಜುಂಗ್ ಕುವೊ-ತುವಾನ್ ಎಂದು ಬರೆಯುತ್ತಿದ್ದುದು ಈತನನ್ನೇ.

ಚಾಂಪಿಯನ್ನರ ಕಥೆ ಸಾಮಾನ್ಯವಾಗಿ ಕಪ್ಪಿನೊಡನೆ ಮುಗಿಯುತ್ತದೆ. ರೋಂಗನ ಕಥೆಯಲ್ಲಿ ಹಿರಿದಾದ ಭಾಗ ಅದರ ಅನಂತರವೇ ಬರುತ್ತದೆ.

ಮೀನಿನ ಮಂಡಿಯಿಂದ

ರೋಂಗ್ ಹುಟ್ಟಿದ್ದು ಹಾಂಗ್‌ಕಾಂಗಿನಲ್ಲಿ, ೧೯೩೭ರ ಆಗಸ್ಟ್ ೧೦ರಂದು. ಪೂರ್ವಿಕರ ಊರು ದಕ್ಷಿಣ ಚೀನದ ಕಡಲ ತಡಿಯಲ್ಲಿರುವ ಝುಹಾಯ್. ತಂದೆ ಹಡಗಿನ ಕೆಲಸಗಾರ; ಮನೆಯಲ್ಲಿ ಬಡತನ. ಹುಡುಗನು ಹದಿಹರೆಯದಲ್ಲಿಯೇ ಶಾಲೆಯನ್ನು ಬಿಟ್ಟು ಮೀನಿನ ಮಂಡಿಯೊಂದರಲ್ಲಿ ದುಡಿಯತೊಡಗಿದ. ಆ ದುಡಿಮೆಯ ವರ್ಷಗಳಲ್ಲಿಯೇ ಕ್ಷಯರೋಗವೂ ತಗಲಿಕೊಂಡಿತು. ಮುಂದೆ ಕಾರ್ಮಿಕ ಸಂಘವೊಂದರ ವಿನೋದ ಮಂದಿರದಲ್ಲಿ ಸಣ್ಣ ಕೆಲಸ ಸಿಕ್ಕಿತು. ಅಲ್ಲಿ ಟೇಬಲ್ ಟೆನಿಸ್ ಮೇಜು ಇತ್ತು. ಅದೇ ಅವನ ಪಾಠಶಾಲೆಯಾಯಿತು.

ಆ ಕಾಲಕ್ಕೆ ಈ ಆಟದ ಲೋಕವೇ ಮಗ್ಗುಲು ಬದಲಿಸುತ್ತಿತ್ತು. ಬಹುಕಾಲ ಯೂರೋಪಿನವರ, ಅದರಲ್ಲಿಯೂ ಹಂಗೇರಿಯವರ ಸೊತ್ತಾಗಿದ್ದ ಆಟ ಅದು. ೧೯೫೨ರಲ್ಲಿ ನಮ್ಮ ಮುಂಬಯಿಯಲ್ಲಿ ವಿಶ್ವ ಪಂದ್ಯಾವಳಿ ನಡೆದಾಗ ಜಪಾನಿನ ಹಿರೋಜಿ ಸಾಟೊ ಎಂಬಾತನು ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದ. ಚೆಂಡು ಬ್ಯಾಟಿಗೆ ತಗಲುವ ಟಕ್ ಟಕ್ ಸದ್ದೇ ಇಲ್ಲವಾಯಿತು. ಸದ್ದಿನಿಂದಲೇ ಹೊಡೆತದ ಬಲವನ್ನು ಅಳೆಯುತ್ತಿದ್ದ ಘಟಾನುಘಟಿಗಳು ಕಕ್ಕಾಬಿಕ್ಕಿಯಾದರು. ಸಾಟೊ ಚಾಂಪಿಯನ್ ಆದ. ಅಂದಿನಿಂದ ಜಪಾನೀಯರ ಯುಗ ಪ್ರಾರಂಭವಾಯಿತು. ಆ ಯುಗದ ನಾಯಕಮಣಿ ಇಚಿರೊ ಒಗಿಮುರ. ೧೯೫೪ ಮತ್ತು ೧೯೫೬ರಲ್ಲಿ ವಿಶ್ವ ವಿಜೇತ. ೧೯೫೭ರಲ್ಲಿ ಜಪಾನಿನ ತಂಡ ಹಾಂಗ್‌ಕಾಂಗಿಗೆ ಬಂದಾಗ ಇಂತಹ ಒಗಿಮುರನನ್ನು ಆ ವಿನೋದ ಮಂದಿರದ ಹುಡುಗ ಸೋಲಿಸಿಬಿಟ್ಟ!

ಅದೇ ವರ್ಷದ ನವೆಂಬರಿನಲ್ಲಿ ರೋಂಗ್ ಗಡಿಯನ್ನು ದಾಟಿ ಚೀನಕ್ಕೆ ಹೋದ. ಅಲ್ಲಿನ ಕ್ರೀಡಾ ಆಯೋಗದ ಮುಖ್ಯಸ್ಥ ಮಾರ್ಷಲ್ ಹೆ ಲೊಂಗ್ ಆಟಗಾರರನ್ನು ಆದರದಿಂದ ಬರಮಾಡಿಕೊಳ್ಳುತ್ತಿದ್ದ ಕಾಲವದು. ರೋಂಗನ ಎದೆಯ ರೋಗಕ್ಕೆ ಚಿಕಿತ್ಸೆ ದೊರೆಯಿತು, ಅಭ್ಯಾಸಕ್ಕೆ ಅನುಕೂಲ ಒದಗಿತು. ೧೯೫೮ರಲ್ಲಿ ಗುವಾಂಗ್‌ಝೌ ನಗರದ ಸಭೆಯೊಂದರಲ್ಲಿ ಎದ್ದುನಿಂತು, ಮೂರು ವರ್ಷಗಳೊಳಗೆ ವಿಶ್ವ ಪ್ರಶಸ್ತಿಯನ್ನು ತರುವೆನೆಂದು ಆತನು ಮಾತು ಕೊಟ್ಟ. ಕೇಳಿದವರಲ್ಲಿ ಕೆಲವರಿಗಾದರೂ ಅದು ಎಳೆಯನ ಹುಮ್ಮಸ್ಸೆನಿಸಿದ್ದರೆ ಆಶ್ಚರ್ಯವಿಲ್ಲ. ಆಡಿದ ಮಾತನ್ನು ನಡೆಸಲು ಅವನಿಗೆ ಹಿಡಿದದ್ದು ಒಂದೇ ವರ್ಷ.

ಮಣಿಕಟ್ಟಿನ ಗುಟ್ಟು

ಟೇಬಲ್ ಟೆನಿಸ್ ಮೇಜು ೯ ಅಡಿ ಉದ್ದ, ೫ ಅಡಿ ಅಗಲ. ಅಂದಿನ ಚೆಂಡಿನ ತೂಕ ಸುಮಾರು ಎರಡೂವರೆ ಗ್ರಾಂ ಇತ್ತು. ಇಷ್ಟು ಕಿರಿದಾದ ರಣರಂಗದಲ್ಲಿ ಎದುರಾಳಿಗೆ ಯೋಚಿಸಲು ಸಮಯವೆಲ್ಲಿ? ಬರುವ ಚೆಂಡಿನ ಗುಣವನ್ನು ಹೊಡೆಯುವವನ ಕೈ ನೋಡಿಯೇ ಊಹಿಸಬೇಕು. ರೋಂಗನ ಜಾಣ್ಮೆ ಇದ್ದುದು ಈ ಊಹೆಯನ್ನು ತಪ್ಪಿಸುವುದರಲ್ಲಿ.

ಲೇಖನಿ ಹಿಡಿದಂತೆ ಬ್ಯಾಟು ಹಿಡಿದು ಆತನು ಸರ್ವೀಸ್ ಮಾಡುತ್ತಿದ್ದ. ಒಂದು ಚೆಂಡು ಹಿಮ್ಮುಖವಾಗಿ ರಭಸದಿಂದ ತಿರುಗುತ್ತ ಬರುತ್ತಿತ್ತು. ಅದನ್ನು ನೇರವಾಗಿ ಹೊಡೆದರೆ ಬಲೆಗೆ ಬೀಳುತ್ತಿತ್ತು. ಮುಂದಿನ ಚೆಂಡಿಗೆ ತಿರುಗುವಿಕೆಯೇ ಇರುತ್ತಿರಲಿಲ್ಲ. ತಿರುಗುತ್ತಿದೆಯೆಂದು ಭ್ರಮಿಸಿ ಮೇಲಕ್ಕೆತ್ತಿದವನ ಚೆಂಡು ಎತ್ತರಕ್ಕೆ ನೆಗೆದು ರೋಂಗನ ಬಿರುಹೊಡೆತಕ್ಕೆ ಒಡ್ಡಿಕೊಳ್ಳುತ್ತಿತ್ತು. ಎರಡು ಸರ್ವೀಸಿಗೂ ಕೈಯ ಚಲನೆ ಮಾತ್ರ ಒಂದೇ! ವ್ಯತ್ಯಾಸವೆಲ್ಲ ಅಡಗಿದ್ದುದು ಮಣಿಕಟ್ಟಿನ ಸೂಕ್ಷ್ಮ ಕೊಂಕಿನಲ್ಲಿ. ವೇಗ, ಗುರಿ, ಬಿರುಸು, ಬದಲಾವಣೆ ಎಂಬ ನಾಲ್ಕು ಗುಣಗಳನ್ನು ಚೀನೀಯರು ತಮ್ಮ ಆಟದ ಸೂತ್ರವನ್ನಾಗಿ ಮಾಡಿಕೊಂಡರು. ಅವುಗಳಲ್ಲಿ ನಾಲ್ಕನೆಯದಕ್ಕೆ ರೋಂಗನಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಆ ಗೆಲುವು ಚೀನದಲ್ಲಿ ಎಬ್ಬಿಸಿದ ಸಂಭ್ರಮ ಅಷ್ಟಿಷ್ಟಲ್ಲ. ಗಣರಾಜ್ಯದ ಹತ್ತನೆಯ ವರ್ಷ, ಜೊತೆಗೆ ಮೊದಲ ವಿಶ್ವ ಪ್ರಶಸ್ತಿ. ಈ ಎರಡು ಸಂತೋಷಗಳ ನೆನಪಿಗೆಂದು ದೇಶದಲ್ಲಿ ತಯಾರಾದ ಚೆಂಡಿಗೆ 'ಕೆಂಪು ಜೋಡಿ ಸಂತೋಷ' ಎಂಬರ್ಥದ ಹೆಸರಿಡಲಾಯಿತು. ಆ ಮುದ್ರೆಯ ಚೆಂಡುಗಳು ಇಂದಿಗೂ ಜಗತ್ತಿನಾದ್ಯಂತ ಪುಟಿಯುತ್ತಿವೆ.

೧೯೬೧ರಲ್ಲಿ ವಿಶ್ವ ಪಂದ್ಯಾವಳಿ ಪೆಕಿಂಗಿನಲ್ಲಿಯೇ ನಡೆಯಿತು. ದೇಶ ಘೋರ ಕ್ಷಾಮದಿಂದ ಬಳಲುತ್ತಿದ್ದ ದಿನಗಳವು. ಹೊಸದಾಗಿ ಕಟ್ಟಿದ ಕಾರ್ಮಿಕರ ಕ್ರೀಡಾಮಂದಿರ ಜನರಿಂದ ಕಿಕ್ಕಿರಿದಿತ್ತು. ಪುರುಷರ ತಂಡಗಳಿಗೆ ಮೀಸಲಾದ ಸ್ವೇತ್ಲಿಂಗ್ ಕಪ್ಪನ್ನು ಸತತವಾಗಿ ಐದು ಬಾರಿ ಗೆದ್ದಿದ್ದ ಜಪಾನ್, ಅಂತಿಮ ಪಂದ್ಯದಲ್ಲಿ ಚೀನದ ಎದುರು ನಿಂತಿತು. ಜುವಾಂಗ್ ಜೆಡೊಂಗ್, ಶು ಯಿನ್‌ಶೆಂಗ್ ಇಬ್ಬರೂ ಚೆನ್ನಾಗಿ ಆಡಿದರು. ರೋಂಗ್ ಮಾತ್ರ ತನ್ನ ಎರಡು ಪಂದ್ಯಗಳನ್ನೂ ಸೋತಿದ್ದ. ಚೀನಕ್ಕೆ ನಾಲ್ಕು, ಜಪಾನಿಗೆ ಮೂರು ಎಂಬ ಘಟ್ಟದಲ್ಲಿ ಹೊಶಿನೊನನ್ನು ಎದುರಿಸುವ ಸರದಿ ಅವನಿಗೇ ಬಂತು. ಬಾಳಿನಲ್ಲಿ ಹೋರಾಡಲು ಎಷ್ಟು ಸಲ ಅವಕಾಶ ಸಿಕ್ಕೀತು, ಈಗ ಹೋರಾಡದಿದ್ದರೆ ಇನ್ನು ಯಾವಾಗ ಎಂದು ಆತನು ಅಂದು ಹೇಳಿದನೆಂಬ ಮಾತು ಚೀನದಲ್ಲಿ ಗಾದೆಯಂತೆ ಉಳಿದಿದೆ. ಎರಡು ಸೋಲುಗಳ ಭಾರವನ್ನು ಹೊತ್ತು ಆಡಿ ಆತನು ಗೆದ್ದ. ೫-೩ರಿಂದ ಕಪ್ಪು ಮೊತ್ತಮೊದಲಿಗೆ ಚೀನದ್ದಾಯಿತು.

ಗುರುವಿನ ಪೀಠದಲ್ಲಿ

ತಾನು ಆಡುವುದು ಒಂದು ವಿದ್ಯೆ. ಇನ್ನೊಬ್ಬರನ್ನು ಆಡಿಸುವುದು ಬೇರೊಂದು ವಿದ್ಯೆ. ಮೊದಲನೆಯದರಲ್ಲಿ ನಿಪುಣನಾದವನಿಗೆ ಎರಡನೆಯದು ಒಲಿಯುವುದು ಅಪರೂಪ. ತನ್ನ ಕೈಗೆ ಸುಲಭವಾದದ್ದು ಶಿಷ್ಯರ ಕೈಗೆ ಏಕೆ ಬಾರದೆಂದು ಬೇಸರಗೊಳ್ಳುವ ಗುರುಗಳೇ ಹೆಚ್ಚು.

೧೯೬೪ರ ಕೊನೆಯ ವೇಳೆಗೆ ರೋಂಗನಿಗೆ ಚೀನದ ಮಹಿಳಾ ತಂಡದ ತರಬೇತಿಯ ಹೊಣೆಯನ್ನು ವಹಿಸಲಾಯಿತು. ಆಗ ಅವನ ವಯಸ್ಸು ಇಪ್ಪತ್ತೇಳು. ಪುರುಷರ ತಂಡ ಕೀರ್ತಿಯ ಶಿಖರದಲ್ಲಿತ್ತು. ಮಹಿಳೆಯರ ತಂಡಕ್ಕೆ ಮೀಸಲಾದ ಕಾರ್ಬಿಲ್ಲನ್ ಕಪ್ಪು ಮಾತ್ರ ಚೀನಕ್ಕೆ ಒಮ್ಮೆಯೂ ಸಂದಿರಲಿಲ್ಲ. ೧೯೫೭ರಿಂದ ೧೯೬೩ರವರೆಗೆ ನಡೆದ ನಾಲ್ಕು ಪಂದ್ಯಾವಳಿಗಳಲ್ಲಿಯೂ ಅದು ಜಪಾನಿನ ವನಿತೆಯರ ಕೈಯಲ್ಲಿತ್ತು. ರೋಂಗನಿಗೆ ಉಳಿದಿದ್ದುದು ಕೆಲವೇ ತಿಂಗಳು.

ತಂಡದಲ್ಲಿ ಎರಡು ಬಗೆಯ ಆಟಗಾರ್ತಿಯರಿದ್ದರು. ಲಿಯಾಂಗ್ ಲಿಝೆನ್ ಮತ್ತು ಲಿ ಹೆನಾನ್ ಮೇಜಿನ ಹತ್ತಿರವೇ ನಿಂತು ರಭಸದಿಂದ ಹೊಡೆಯುವವರು. ಲಿನ್ ಹುಯಿಚಿಂಗ್ ಮತ್ತು ಝೆಂಗ್ ಮಿಂಝಿ ಮೇಜಿನಿಂದ ದೂರ ಸರಿದು, ಬಂದ ಚೆಂಡನ್ನು ಕೆಳಗಿನಿಂದ ಕೊಯ್ದು ಹಿಂದಿರುಗಿಸುವ ರಕ್ಷಣೆಯ ಆಟದವರು. ಇವರಲ್ಲಿ ಲಿನ್, ರೋಂಗನಂತೆಯೇ ಹೊರನಾಡಿನಿಂದ, ಇಂಡೊನೇಷ್ಯದಿಂದ, ಚೀನಕ್ಕೆ ಬಂದವಳು. ಗುರು ತಾನು ಆಕ್ರಮಣದ ಆಟದಿಂದ ಹೆಸರಾದವನು. ಆದರೂ ತನ್ನ ಅಚ್ಚಿಗೆ ಎಲ್ಲರನ್ನೂ ಎರಕ ಹೊಯ್ಯಲು ಆತನು ಹೋಗಲಿಲ್ಲ.

೧೯೬೫ರ ಏಪ್ರಿಲಿನಲ್ಲಿ ಯುಗೋಸ್ಲಾವಿಯದ ಲ್ಯುಬ್ಲಿಯಾನದಲ್ಲಿ ಪಂದ್ಯಾವಳಿ ನಡೆಯಿತು. ಯೂರೋಪಿನ ತಂಡಗಳ ಮೇಲೆ ರೋಂಗ್ ಬಿರುಸಿನ ಆಟಗಾರ್ತಿಯರನ್ನು ಕಳಿಸಿದ. ಜಪಾನಿನೊಡನೆ ಅಂತಿಮ ಹಣಾಹಣಿ ಬಂದಾಗ, ಅಲ್ಲಿಯವರೆಗೆ ಗೆದ್ದುಕೊಂಡು ಬಂದಿದ್ದ ಆ ಜೋಡಿಯನ್ನು ಬದಿಗಿರಿಸಿ, ರಕ್ಷಣೆಯ ಇಬ್ಬರನ್ನು ಕಣಕ್ಕಿಳಿಸಿದ! ಸೋತಿದ್ದರೆ ನಿಂದೆಯೆಲ್ಲ ಅವನ ತಲೆಯ ಮೇಲೆ ಬೀಳುತ್ತಿತ್ತು. ಜಪಾನಿನ ವನಿತೆಯರು ಹೊಡೆದರು, ಮತ್ತೆ ಹೊಡೆದರು. ಪ್ರತಿ ಬಾರಿಯೂ ಚೆಂಡು ಹೊಸ ತಿರುವು ಪಡೆದು ಹಿಂದಿರುಗಿ ಬಂತು. ೩-೦ಯಿಂದ ಚೀನ ಗೆದ್ದಿತು. ಅದೇ ಲಿನ್-ಝೆಂಗ್ ಜೋಡಿ ಮಹಿಳಾ ಡಬಲ್ಸನ್ನೂ ಗೆದ್ದಿತು. ಸಿಂಗಲ್ಸ್ ಅಂತಿಮ ಪಂದ್ಯದಲ್ಲಿ ಮಾತ್ರ ಜಪಾನಿನ ಫುಕಾಜು, ಲಿನ್‌ಳನ್ನು ಸೋಲಿಸಿ ತನ್ನ ದೇಶದ ಮಾನ ಉಳಿಸಿಕೊಂಡಳು.

ಒಮ್ಮೆ ಸರ್ವೀಸಿನಲ್ಲಿ ತೋರಿದ ಚಾತುರ್ಯವನ್ನು ರೋಂಗ್ ಈಗ ಇಡೀ ತಂಡದ ಮೂಲಕ ತೋರಿದ್ದ. ಎದುರಾಳಿ ಒಂದನ್ನು ನಿರೀಕ್ಷಿಸಿದಾಗ ಮತ್ತೊಂದು ಬಂದಿತ್ತು. ಏಕವ್ಯಕ್ತಿ, ಪುರುಷರ ತಂಡ, ಮಹಿಳೆಯರ ತಂಡ—ಈ ಮೂರು ಕಪ್ಪುಗಳೂ ಚೀನಕ್ಕೆ ಮೊದಲ ಬಾರಿ ಬಂದಾಗ ಅಲ್ಲಿ ಅವನ ಕೈ ಇತ್ತು. ಎರಡರಲ್ಲಿ ಬ್ಯಾಟು ಹಿಡಿದು, ಒಂದರಲ್ಲಿ ಬರಿಗೈಯಲ್ಲಿ ಬದಿಯಲ್ಲಿ ಕುಳಿತು.

ಸಂಶಯದ ಬಿರುಗಾಳಿ

೧೯೬೬ರಲ್ಲಿ 'ಸಾಂಸ್ಕೃತಿಕ ಕ್ರಾಂತಿ'ಯ ಬಿರುಗಾಳಿ ಎದ್ದಿತು. ಹಿರಿಯರೆನಿಸಿದವರೆಲ್ಲ ಅಪರಾಧಿಗಳಾದ ಕಾಲ. ಆಟಗಾರರಿಗೆ ಆಸರೆಯಾಗಿದ್ದ ಹೆ ಲೊಂಗ್ ಅಧಿಕಾರ ಕಳೆದುಕೊಂಡು ಬಂಧನದಲ್ಲಿ ಬಿದ್ದ. ೧೯೬೭ರ ಮತ್ತು ೧೯೬೯ರ ವಿಶ್ವ ಪಂದ್ಯಾವಳಿಗಳಿಗೆ ಚೀನದ ತಂಡ ಹೋಗಲೇ ಇಲ್ಲ. ಹೊರದೇಶದ ಸಂಪರ್ಕವಿದ್ದವರನ್ನೆಲ್ಲ ಗೂಢಚಾರರೆಂದು ಸಂಶಯಿಸತೊಡಗಿದರು. ಹಾಂಗ್‌ಕಾಂಗಿನಲ್ಲಿ ಹುಟ್ಟಿ ಬೆಳೆದದ್ದೇ ದೋಷವಾಯಿತು.

ಹಾಂಗ್‌ಕಾಂಗಿನಿಂದ ಸ್ವಇಚ್ಛೆಯಿಂದ ಬಂದು ಚೀನದ ಟೇಬಲ್ ಟೆನಿಸಿಗೆ ಅಡಿಪಾಯ ಹಾಕಿದ ಪ್ರಮುಖರು ಮೂವರು: ತರಬೇತುದಾರ ಫು ಚಿಫಾಂಗ್, ಹಿರಿಯ ಆಟಗಾರ ಜಿಯಾಂಗ್ ಯೊಂಗ್‌ನಿಂಗ್ ಮತ್ತು ರೋಂಗ್ ಗುವೊತುವಾನ್. ೧೯೬೮ರ ಏಪ್ರಿಲಿನಲ್ಲಿ ಫು ತೀರಿಕೊಂಡ. ಮೇ ತಿಂಗಳಲ್ಲಿ ಜಿಯಾಂಗ್. ಜೂನ್ ೨೦ರಂದು ರೋಂಗ್. ಮೂವರೂ ಅವಮಾನವನ್ನು ತಾಳಲಾರದೆ ತಾವಾಗಿಯೇ ಪ್ರಾಣ ಬಿಟ್ಟಿದ್ದರು. ರೋಂಗನಿಗೆ ಮೂವತ್ತೊಂದು ಇನ್ನೂ ತುಂಬಿರಲಿಲ್ಲ. ಹೆಂಡತಿಯೂ ಪುಟ್ಟ ಮಗಳೂ ಇದ್ದರು. ಅವನ ಜೇಬಿನಲ್ಲಿ ಸಿಕ್ಕಿದ ಚೀಟಿಯಲ್ಲಿ, ತಾನು ಗೂಢಚಾರನಲ್ಲವೆಂದೂ, ತನ್ನನ್ನು ಸಂಶಯಿಸಬಾರದೆಂದೂ, ಪ್ರಾಣಕ್ಕಿಂತ ಮಾನವೇ ತನಗೆ ಹೆಚ್ಚೆಂದೂ ಬರೆದಿತ್ತು.

ಮರೆಮಾಚುವ ಕಲೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲವೆಂಬುದು ನಿಜ. ಆದರೆ ಆತನು ಮರೆಮಾಚಿದ್ದು ಎರಡೂವರೆ ಗ್ರಾಂ ತೂಕದ ಚೆಂಡಿನ ತಿರುವನ್ನು. ಅದೂ ದೇಶದ ಗೆಲುವಿಗಾಗಿ, ಸಾವಿರಾರು ಜನರ ಕಣ್ಣೆದುರಿಗೆ. ಮೇಜಿನಿಂದ ಈಚೆಗೆ ಬಂದವನ ಬಾಳು ತೆರೆದ ಪುಸ್ತಕದಂತಿತ್ತು. ಅದನ್ನು ಓದುವ ತಾಳ್ಮೆ ಆ ದಿನಗಳಲ್ಲಿ ಯಾರಿಗೂ ಉಳಿದಿರಲಿಲ್ಲ.

ಉಳಿದದ್ದು

೧೯೭೧ರಲ್ಲಿ ಜಪಾನಿನ ನಗೋಯಾ ನಗರಕ್ಕೆ ಚೀನದ ತಂಡ ಮತ್ತೆ ಬಂದಿತು. ಅಮೆರಿಕದ ಆಟಗಾರರೊಡನೆ ಅಲ್ಲಿ ಬೆಳೆದ ಸ್ನೇಹವೇ ಮುಂದೆ 'ಪಿಂಗ್‌ಪಾಂಗ್ ರಾಜನೀತಿ'ಯೆಂದು ಹೆಸರಾಗಿ, ೧೯೭೨ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಪೆಕಿಂಗಿಗೆ ಹೋಗುವುದಕ್ಕೆ ದಾರಿ ಮಾಡಿತೆಂಬುದನ್ನು ಜಗತ್ತೇ ಬಲ್ಲುದು. ಅದೇ ನಗೋಯಾದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಗಮನಿಸಿದವರು ಕಡಿಮೆ. ಮಹಿಳಾ ಸಿಂಗಲ್ಸ್ ಅಂತಿಮ ಪಂದ್ಯದಲ್ಲಿ ಎದುರುಬದುರಾಗಿ ನಿಂತವರು ಲಿನ್ ಹುಯಿಚಿಂಗ್ ಮತ್ತು ಝೆಂಗ್ ಮಿಂಝಿ. ಗೆದ್ದವಳು ಲಿನ್. ಮಿಶ್ರ ಡಬಲ್ಸಿನಲ್ಲಿ ಅವಳೇ ವಿಜೇತೆ. ಮಹಿಳಾ ಡಬಲ್ಸಿನಲ್ಲಿ ಮತ್ತೆ ಲಿನ್-ಝೆಂಗ್ ಜೋಡಿ. ಯಾರು ಗೆದ್ದರೂ ಯಾರು ಸೋತರೂ ಅದು ರೋಂಗನ ಶಿಷ್ಯೆಯರ ಪಂದ್ಯವೇ ಆಗಿತ್ತು. ನೋಡಲು ಗುರು ಇರಲಿಲ್ಲ.

೧೯೭೮ರಲ್ಲಿ ಸರ್ಕಾರವು ಅವನ ಮೇಲಿನ ಆರೋಪಗಳನ್ನು ಅಳಿಸಿ ಅವನ ಹೆಸರಿಗೆ ಗೌರವವನ್ನು ಮರಳಿಸಿತು. ಪೂರ್ವಿಕರ ಊರಾದ ಝುಹಾಯ್‌ನಲ್ಲಿ ಅವನ ಪ್ರತಿಮೆ ನಿಂತಿತು. ೧೯೮೮ರಲ್ಲಿ ಒಲಿಂಪಿಕ್ಸಿಗೆ ಸೇರಿದ ಈ ಆಟದಲ್ಲಿ ಚೀನದ ಪಾರಮ್ಯ ಬೆಳೆಯುತ್ತಲೇ ಹೋಯಿತು. ೨೦೨೪ರ ಪ್ಯಾರಿಸ್ ಕೂಟದಲ್ಲಿ ಟೇಬಲ್ ಟೆನಿಸಿನ ಐದು ಚಿನ್ನದ ಪದಕಗಳೂ ಅದರ ಪಾಲಾದುವು. ಆ ದೇಶದ ಬಲಕ್ಕೆ ಕಾರಣಗಳನ್ನು ಹುಡುಕುವವರು ಅಲ್ಲಿನ ಶಾಲೆಗಳನ್ನೂ ಲೆಕ್ಕವಿಲ್ಲದಷ್ಟು ಮೇಜುಗಳನ್ನೂ ತೋರಿಸುತ್ತಾರೆ. ಅವೆಲ್ಲಕ್ಕೂ ಹಿಂದೆ, ಮೀನಿನ ಮಂಡಿಯಿಂದ ಬಂದು ತನ್ನ ಗುಟ್ಟುಗಳನ್ನೆಲ್ಲ ಇತರರಿಗೆ ಧಾರೆಯೆರೆದ ಒಬ್ಬ ತರುಣನಿದ್ದಾನೆ. ಬದುಕಿನುದ್ದಕ್ಕೂ ಆತನು ಚೀನಕ್ಕೆ ಕೊಡುತ್ತಲೇ ಬಂದ. ತಿರುಗಿ ಕೇಳಿದ್ದು ಕೊನೆಯ ಚೀಟಿಯಲ್ಲಿ ಬರೆದ ಒಂದನ್ನೇ: ತನ್ನನ್ನು ನಂಬಬೇಕೆಂದು. ಅದನ್ನು ಕೊಡುವುದಕ್ಕೆ ಆ ದೇಶಕ್ಕೆ ಇನ್ನೂ ಹತ್ತು ವರ್ಷ ಹಿಡಿಯಿತು.