ಕೈನುಡಿ ಬಾಯ್ನುಡಿಗಳ ಮಕ್ಕಳ ನಾಟಕ

ವಾಲಿಸುಗ್ರೀವರ ಮೊದಲನೆಯ ಕಾಳಗದಲ್ಲಿ ಶ್ರೀರಾಮನು ಬಾಣವನ್ನು ಬಿಡದೆ ಸುಮ್ಮನೆ ನಿಂತುದೇಕೆಂಬುದನ್ನು ವಾಚಕರು ಬಲ್ಲರು. ಅಣ್ಣತಮ್ಮಂದಿರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರು. ನೋಟದಿಂದಾಗಲಿ, ಪರಾಕ್ರಮದಿಂದಾಗಲಿ, ಕಂಠಧ್ವನಿಯಿಂದಾಗಲಿ, ಆಡಿದ ಮಾತಿನಿಂದಾಗಲಿ ಇವನಾರು ಅವನಾರು ಎಂಬುದು ತನಗೆ ತಿಳಿಯಲಿಲ್ಲವೆಂದು ರಾಮನೇ ಸುಗ್ರೀವನೊಡನೆ ಹೇಳಿಕೊಂಡುದಾಗಿ ವಾಲ್ಮೀಕಿಗಳು ಬರೆದಿದ್ದಾರೆ. ಆಮೇಲೆ ಲಕ್ಷ್ಮಣನು ಗಜಪುಷ್ಪಿಯ ಬಳ್ಳಿಯನ್ನು ಕಿತ್ತು ಸುಗ್ರೀವನ ಕೊರಳಿಗೆ ಹಾಕಿದನು. ಧ್ವನಿಯು ಮಾಡಲಾರದ ಕೆಲಸವನ್ನು ಕಣ್ಣಿಗೆ ಕಾಣುವ ಒಂದು ಗುರುತು ಮಾಡಿತು. ಹಂಪೆಯ ಹೊಳೆಯ ದಡದಲ್ಲಿ ಋಷ್ಯಮೂಕವನ್ನೂ ಮತಂಗಪರ್ವತವನ್ನೂ ತೋರಿಸುತ್ತ ಈ ಕಥೆಯನ್ನು ಹೇಳದ ಅಜ್ಜಿಯು ನಮ್ಮ ಸೀಮೆಯಲ್ಲಿ ಅಪರೂಪ. ಆದರೆ ಮುಂದೆ ಕುಳಿತ ಮೊಮ್ಮಕ್ಕಳಲ್ಲಿ ಒಂದಕ್ಕೆ ಕಿವಿ ಕೇಳಿಸದಿದ್ದರೆ ಆ ಕೂಸಿಗೆ ಕಥೆಯು ಮುಟ್ಟುವ ಬಗೆ ಹೇಗೆ?

2011ನೆಯ ಜನಗಣತಿಯು ನಮ್ಮ ದೇಶದಲ್ಲಿ ಶ್ರವಣದೋಷವುಳ್ಳವರನ್ನು 50 ಲಕ್ಷಕ್ಕೆ ಮೇಲ್ಪಟ್ಟವರೆಂದು ಎಣಿಸಿತು. ಹುಟ್ಟುಕಿವುಡರಾದ ಮಕ್ಕಳಲ್ಲಿ ಬಹುಪಾಲಿನವರ ತಾಯಿತಂದೆಗಳು ಕಿವಿ ಕೇಳುವವರೇ. ಮನೆಯ ಮಾತು ಮಗುವಿಗೆ ಕೇಳಿಸದು. ಮಗುವಿಗೆ ಒಗ್ಗುವ ಕೈಯ ಭಾಷೆಯು ಮನೆಯಲ್ಲಿ ಯಾರಿಗೂ ತಿಳಿಯದು. ಭಾಷೆಯು ಮೊಳೆತು ಬೇರೂರಬೇಕಾದ ಮೊದಲ ನಾಲ್ಕೈದು ವರುಷಗಳು ‘ಬಾ, ಹೋಗು, ಉಣ್ಣು, ಮಲಗು’ ಎಂಬ ನಾಲ್ಕು ಸನ್ನೆಗಳಲ್ಲಿಯೇ ಕಳೆದುಹೋಗುತ್ತವೆ. ನಿನ್ನೆಯ ಸಂಗತಿ, ನಾಳೆಯ ಆಸೆ, ‘ಏಕೆ’ ಎಂಬ ಪ್ರಶ್ನೆ, ಇವು ಆ ಸನ್ನೆಗಳಲ್ಲಿ ಹಿಡಿಯುವುದಿಲ್ಲ. ಬಳಿಕ ಜನರು ಆ ಮಗುವನ್ನು ಮೂಗನೆಂದು ಕರೆದು ಸುಮ್ಮನಾಗುತ್ತಾರೆ. ಆ ಪದವನ್ನು ನಮ್ಮ ಗೃಹಿಣಿಯರು ಮನೆಯೊಳಕ್ಕೆ ಬಿಟ್ಟುಕೊಳ್ಳದಿದ್ದರೆ ಲೇಸು.

ಕೈಯ ಭಾಷೆಯೆಂದೊಡನೆ ಸಂಸ್ಕೃತವನ್ನೋದಿದವರಿಗೆ ಆಂಗಿಕಾಭಿನಯವೂ, ಅಭಿನಯದರ್ಪಣದ 28 ಅಸಂಯುತ ಹಸ್ತಗಳೂ ನೆನಪಾಗುವುದು ಸಹಜ. ಆದರೆ ಎರಡೂ ಒಂದೇ ಎನ್ನುವುದು ಸರಿಯಲ್ಲ. ಪತಾಕಹಸ್ತವು ಒಮ್ಮೆ ಮೋಡವಾಗುತ್ತದೆ, ಒಮ್ಮೆ ಕಾಡಾಗುತ್ತದೆ. ಯಾವುದೆಂಬುದನ್ನು ಹಾಡಿನ ಸಾಹಿತ್ಯವು ತಿಳಿಸಬೇಕು. ಕಿವುಡರ ಸಂಜ್ಞಾಭಾಷೆಗೆ ಹಾಡಿನ ಆಸರೆ ಬೇಕಿಲ್ಲ. ಅದರಲ್ಲಿ ಜಗಳವಾಡಬಹುದು, ಚೌಕಾಸಿ ಮಾಡಬಹುದು, ಚಾಡಿಯನ್ನೂ ಹೇಳಬಹುದು. ಅದಕ್ಕೆ ತನ್ನದೇ ವ್ಯಾಕರಣವುಂಟು. ಭಾರತೀಯ ಸಂಜ್ಞಾಭಾಷೆಯಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನಪದವು ವಾಕ್ಯದ ಕೊನೆಗೆ ಬರುತ್ತದೆ. ನಮ್ಮ ‘ನಿನ್ನ ಹೆಸರು ಏನು’ ಎಂಬುದರ ಹಾಗೆಯೇ. ಹೌದೋ ಅಲ್ಲವೋ ಎಂದು ಕೇಳಬೇಕಾದರೆ ಹುಬ್ಬನ್ನೇರಿಸಬೇಕು. ಅಲ್ಲಿ ಹುಬ್ಬು ಅಲಂಕಾರವಲ್ಲ, ವ್ಯಾಕರಣದ ಅಂಗ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಉಪಾಧ್ಯಾಯರ ಸಮ್ಮೇಳನವು ಕಿವುಡರ ಶಾಲೆಗಳಲ್ಲಿ ಬಾಯಿಮಾತೇ ಸಾಕು, ಕೈಯ ಭಾಷೆ ಬೇಡವೆಂದು ತೀರ್ಮಾನಿಸಿತು. ಅದರ ಕಹಿಫಲವನ್ನು ಹಲವು ತಲೆಮಾರಿನ ಮಕ್ಕಳು ಉಂಡರು. ಈಗ ಕಾಲವು ತಿರುಗಿದೆ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದು, 2021ರ ವೇಳೆಗೆ ಅದನ್ನು 10,000 ಪದಗಳಿಗೆ ಬೆಳೆಸಿತು.

ನಿಘಂಟಿನಿಂದ ಮಗುವು ಭಾಷೆಯನ್ನು ಕಲಿಯುವುದುಂಟೆ? ಆಟದಿಂದ ಕಲಿಯುತ್ತದೆ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಡೇವಿಡ್ ಹೇಸ್ ಎಂಬವರು 1967ರಲ್ಲಿ ‘ನ್ಯಾಷನಲ್ ಥಿಯೇಟರ್ ಆಫ್ ದಿ ಡೆಫ್’ ಎಂಬ ನಾಟಕಮಂಡಲಿಯನ್ನು ಕಟ್ಟಿದರು. ಮರುವರುಷವೇ ಮಕ್ಕಳಿಗಾಗಿ ‘ಲಿಟಲ್ ಥಿಯೇಟರ್ ಆಫ್ ದಿ ಡೆಫ್’ ಎಂಬ ಕಿರುಶಾಖೆಯು ಹುಟ್ಟಿತು. ಅಲ್ಲಿಯ ಕ್ರಮವೇನೆಂದರೆ, ಕಿವುಡ ನಟರು ಕೈಯಿಂದ ನುಡಿಯುತ್ತಾರೆ, ಕಿವಿ ಕೇಳುವ ನಟರು ಅದಕ್ಕೆ ದನಿ ಕೊಡುತ್ತಾರೆ. ಇಬ್ಬರೂ ರಂಗದ ಮೇಲೆಯೇ ಇರುತ್ತಾರೆ. 2003ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ‘ಬಿಗ್ ರಿವರ್’ ಎಂಬ ನಾಟಕದಲ್ಲಿ ಹಕ್ ಎಂಬ ಹುಡುಗನ ಪಾತ್ರವನ್ನು ಕಿವುಡ ನಟನೊಬ್ಬನು ಆಡಿದನು. ಆ ಕಥೆಯ ಕರ್ತೃವಾದ ಮಾರ್ಕ್ ಟ್ವೇನನ ವೇಷವನ್ನು ಧರಿಸಿದವನು ಅವನಿಗೆ ದನಿಯಾದನು. ಕವಿಯೇ ತನ್ನ ಪಾತ್ರಕ್ಕೆ ನಾಲಗೆಯಾದುದು ಸೊಗಸಾದ ಕಲ್ಪನೆಯಲ್ಲವೆ?

ಮೈ ಒಬ್ಬನದು, ದನಿ ಇನ್ನೊಬ್ಬನದು ಎಂಬುದು ನಮ್ಮ ಬಳ್ಳಾರಿ ಸೀಮೆಯವರಿಗೆ ವಿಚಿತ್ರವಾಗಿ ತೋರಲಾರದು. ದೊಡ್ಡಾಟದಲ್ಲಿ ಭಾಗವತನೂ ಹಿಮ್ಮೇಳದವರೂ ಹಿಂದೆ ನಿಂತು ಪದವನ್ನು ಹಾಡುತ್ತಾರೆ, ವೇಷಧಾರಿಯು ಮುಂದೆ ಕುಣಿಯುತ್ತಾನೆ. ತೊಗಲುಬೊಂಬೆಯ ಆಟದಲ್ಲಿ ಪರದೆಯ ಹಿಂದಿನವನು ಮಾತನಾಡಿದರೆ ರಾವಣನೇ ಮಾತನಾಡಿದನೆಂದು ನಾವು ನಂಬುತ್ತೇವೆ. ಹಂಪೆಯ ಹಜಾರರಾಮ ದೇವಾಲಯದ ಗೋಡೆಗಳ ಮೇಲಂತೂ ರಾಮಾಯಣವು ಸುಮಾರು ಆರು ನೂರು ವರುಷಗಳಿಂದ ಒಂದು ಅಕ್ಷರವಿಲ್ಲದೆ, ಒಂದು ಸದ್ದಿಲ್ಲದೆ ಸಾಲುಸಾಲಾಗಿ ನಡೆದಿದೆ. ಅಲ್ಲಿ ಕಿವುಡ ಮಗುವೂ ಕೇಳುವ ಮಗುವೂ ಸಮಾನರು. ಇಂತಹ ನೆಲದಲ್ಲಿ ಕೈನುಡಿ ಬಾಯ್ನುಡಿಗಳೆರಡೂ ಕೂಡಿದ ಮಕ್ಕಳ ನಾಟಕವು ಏಳಬಾರದೇಕೆ? ವಾಲಿಸುಗ್ರೀವರ ಪ್ರಸಂಗವಿದೆ, ಕಂಪ್ಲಿಯ ಗಂಡುಗಲಿ ಕುಮಾರರಾಮನ ಕಥೆಯಿದೆ. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರ್ಪಟ್ಟಾಗ ಹೊಸಪೇಟೆಯು ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಕಿವುಡ ಮಕ್ಕಳು ಊರಿಗೊಬ್ಬರು, ಕೇರಿಗೊಬ್ಬರಾಗಿ ಚದರಿರುವುದರಿಂದ ಕಾಗದದ ಮೇಲಿನ ಈ ಗೆರೆಯನ್ನು ಲೆಕ್ಕಿಸದೆ ಅವರನ್ನು ಹೊಸಪೇಟೆಯ ಒಂದು ಶಾಲೆಯಂಗಳದಲ್ಲಿ ಬೇಸಗೆಯ ರಜೆಯಲ್ಲಿ ಕೂಡಿಸುವುದು ಮೊದಲ ಕೆಲಸ.

ಆಡಿಸುವ ವಿಧಾನದಲ್ಲಿ ಕೆಲವು ಸೂಕ್ಷ್ಮಗಳುಂಟು. ಒಂದೇ ಮಗುವು ಬಾಯಿಂದ ಕನ್ನಡವನ್ನೂ ಕೈಯಿಂದ ಸಂಜ್ಞಾಭಾಷೆಯನ್ನೂ ಒಟ್ಟಿಗೆ ಆಡಬಾರದು. ಎರಡರ ಪದಕ್ರಮವೂ ಎಲ್ಲೆಡೆ ಒಂದೇ ಅಲ್ಲವಾದುದರಿಂದ ಒಂದು ಕೆಡುತ್ತದೆ, ಬಹುಮಟ್ಟಿಗೆ ಕೈಯದೇ ಕೆಡುತ್ತದೆ. ಆದುದರಿಂದ ಪಾತ್ರಕ್ಕೆ ಇಬ್ಬರು ಮಕ್ಕಳು ಬೇಕು. ದನಿಯು ಕೈಯನ್ನು ಅನುಸರಿಸಬೇಕೇ ಹೊರತು ಕೈಯು ದನಿಯ ಹಿಂದೆ ಓಡಬಾರದು. ಬೆಳಕು ಮುಖಕ್ಕೂ ಕೈಗಳಿಗೂ ಬೀಳಬೇಕು. ಆಡುವವರು ಬೆನ್ನು ತಿರುಗಿಸಬಾರದು. ಕೈಯ ಹಿಂದಿನ ಉಡುಪು ಒಂದೇ ಬಣ್ಣದ್ದಾಗಿರಬೇಕು. ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿಗಳು ಕಣ್ಣಿಗೆ ಹಬ್ಬವೇ ಸರಿ, ಆದರೆ ಎದೆಯ ಮೇಲೆ ಮಿನುಗಿದರೆ ಬೆರಳು ಕಾಣಿಸದು, ಲಂಗದ ಅಂಚಿಗಿರಲಿ. ರಂಗವು ಹಲಗೆಯದಾದರೆ ಮದ್ದಳೆಯ ಪೆಟ್ಟು ಅಂಗಾಲಿಗೆ ತಿಳಿಯುತ್ತದೆ. ಕಿವುಡ ಮಗುವು ತಾಳಕ್ಕೆ ತಪ್ಪದೆ ಹೆಜ್ಜೆಯಿಡುವುದು ಹೀಗೆ. ಆಟ ಮುಗಿದಾಗ ಚಪ್ಪಾಳೆಗೆ ಬದಲಾಗಿ ಎರಡು ಕೈಗಳನ್ನೂ ಮೇಲೆತ್ತಿ ಅಲುಗಾಡಿಸುವುದು ಕಿವುಡರಲ್ಲಿ ರೂಢಿ.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ದೊಡ್ಡ ಸಮಾರಂಭಗಳಲ್ಲಿ ವೇದಿಕೆಯ ಮೂಲೆಯಲ್ಲಿ ಒಬ್ಬ ಸಂಜ್ಞಾನುವಾದಕರನ್ನು ನಿಲ್ಲಿಸಿ ಕರ್ತವ್ಯ ಮುಗಿಯಿತೆನ್ನುವುದುಂಟು. ಮೂಲೆಯನ್ನು ನೋಡುವ ಮಗುವಿಗೆ ನಾಟಕವು ಕಾಣಿಸದು. ನಾಟಕವನ್ನು ನೋಡಿದರೆ ಮಾತು ತಪ್ಪುತ್ತದೆ. ಕಿವುಡ ಮಗುವಿಗೆ ಕಪಿಸೇನೆಯಲ್ಲಿ ಕಡೆಯ ಕಪಿಯ ವೇಷವನ್ನು ಕೊಡುವುದೂ ಅಂತಹುದೇ. ಸುಗ್ರೀವನ ವೇಷವನ್ನು ಕೊಡಿರಿ, ರಾಮನ ವೇಷವನ್ನು ಕೊಡಿರಿ. ಕಲಿಸುವವರಲ್ಲಿ ಒಬ್ಬರಾದರೂ ಸ್ವತಃ ಕಿವುಡರಾಗಿರಬೇಕು. ಭಾಷೆಯನ್ನು ಆ ಭಾಷೆಯವರಿಂದಲೇ ಕಲಿಯತಕ್ಕದ್ದು.

ದನಿ ಕೊಡುವವರನ್ನು ಸಾಧ್ಯವಾದಮಟ್ಟಿಗೆ ಅದೇ ಮನೆಯಿಂದಲೇ ಆರಿಸುವುದು ಮೇಲು. ತಂಗಿಯು ಸುಗ್ರೀವನಾದರೆ ಅಣ್ಣನು ಅವಳ ದನಿಯಾಗಲಿ. ಅವಳ ಕೈಯನ್ನು ಓದದೆ ಅವನು ಬಾಯಿ ತೆರೆಯುವಂತಿಲ್ಲ. ಆದುದರಿಂದ ಅವಳ ಮಾತೆಲ್ಲವನ್ನೂ ಅವನು ಕಲಿಯಲೇಬೇಕಾಗುತ್ತದೆ. ಅಭ್ಯಾಸವು ಮನೆಯ ಪಡಸಾಲೆಯಲ್ಲಿ ದಿನವೂ ನಡೆದರೆ ಒಳಗಿನಿಂದ ನೋಡುವ ತಾಯಿಗೂ ಅಜ್ಜಿಗೂ ಬಂದೇ ಬರುತ್ತದೆ. ಮೊದಲು ‘ಗಜಪುಷ್ಪಿ’, ‘ಅಣ್ಣ’, ‘ಹೊಳೆ’, ‘ಬೆಟ್ಟ’. ಆಮೇಲೆ ‘ರಾಮನು ಬಾಣವನ್ನು ಬಿಡಲಿಲ್ಲ, ಏಕೆ?’