ಹಳೆಯ ಗಣಕಯಂತ್ರಕ್ಕೆ ಹೊಸ ಕಿಟಕಿ

ಕಾಫಿ, ಅಡಿಕೆಯಿರಲಿ, ಗಂಗಾವತಿಯ ಭತ್ತವಿರಲಿ, ಸಾಲಕ್ಕೆ ಪಹಣಿ ಬೇಕೇ ಬೇಕು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಜಮೀನುಳ್ಳ ಸದಸ್ಯರ ಪಹಣಿಯನ್ನೂ ನಾವು ‘ಭೂಮಿ’ ಜಾಲತಾಣದಲ್ಲೇ ನೋಡುತ್ತೇವೆ. ಹಿಂದೊಮ್ಮೆ ಹತ್ತಾರು ಪುಟ ತೆರೆದಿಟ್ಟ ಗೊಂದಲದಲ್ಲಿ ಒಬ್ಬರ ಕಡತಕ್ಕೆ ಇನ್ನೊಬ್ಬರ ಪಹಣಿ ಸೇರಿಸಿಬಿಟ್ಟೆವು. ಪಾಪ, ಅವರ ಸಾಲ ಹದಿನೈದು ದಿನ ತಡವಾಯಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಕಚೇರಿಯ ಹಳೆಯ ಯಂತ್ರವನ್ನು ಗುಜರಿಗೆ ಹಾಕದೆ ಲಿನಕ್ಸ್ ಮಿಂಟ್ ಅಳವಡಿಸಿದೆವು. ಅದರಲ್ಲಿ ‘ವೆಬ್ ಆಪ್ಸ್’ ಎಂಬ ಸಾಧನವಿದೆ. ತಾಣದ ಹೆಸರು, ವಿಳಾಸ ಕೊಟ್ಟು ಬ್ರೌಸರ್ ಆರಿಸಿದರೆ ಮೆನುವಿನಲ್ಲಿ ಚಿಹ್ನೆ ಮೂಡುತ್ತದೆ. ಒತ್ತಿದರೆ ‘ಭೂಮಿ’ ತನ್ನದೇ ಕಿಟಕಿಯಲ್ಲಿ ತೆರೆಯುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಸರಿಯಾಗಿ ಆರಿಸುವ ಕೆಲಸ ಮಾತ್ರ ನಮ್ಮದೇ. ಅಂತರ್ಜಾಲ ಕಡಿದರೆ ಕಿಟಕಿಯೂ ಖಾಲಿ. ಆದುದರಿಂದ ಸದಸ್ಯ ಬಾಂಧವರು ಪಹಣಿಯ ನಕಲೊಂದನ್ನು ಕೈಯಲ್ಲಿ ಹಿಡಿದೇ ಬರಬೇಕಾಗಿ ಕೋರುತ್ತೇವೆ.